ಮದ್ದು ಹಾಕಿದವಳು

ನನ್ನ ಗಂಡನ ಹೊಟ್ಟೆನೋವಿಗೆ ಒದೆ ತಿಂದವಳು ನಾನು. ನೋವು ಅವರಿಗೆ, ಬಾಸುಂಡೆ ನನಗೆ. ಎಂಥಾ ನ್ಯಾಯ ನೋಡಿ!

ಅರವತ್ತರ ದಶಕದ ಮಾತು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಮ್ಮದು ರೇಷ್ಮೆಹುಳು ಸಾಕುವ ಮನೆ. ನಾನು ಮದುವೆಯಾಗಿ ಬಂದ ವರ್ಷವೇ ಅವರಿಗೆ ಇದು ಶುರುವಾಯಿತು. ಕರುಳು ಹಿಂಡಿದಂತಾಗಿ ಚೊಂಬು ಹಿಡಿದು ಹೊಲದ ಕಡೆ ಓಡುವರು, ಹೋಗಿ ಬಂದರೆ ನೋವು ಇಳಿಯುವುದು. ಆಮೇಲೆ ನಾಲ್ಕು ದಿನ ಹೊಟ್ಟೆ ಕಟ್ಟಿಕೊಂಡು ಉಬ್ಬರಿಸುವುದು. ಗಂಡ ಹೇಳಿದಂತೆ ಕೇಳಲಿ ಎಂದು ನಾನು ಊಟದಲ್ಲಿ ಮದ್ದು ಹಾಕಿದ್ದೇನೆಂದು ಅತ್ತೆ ಬೀದಿಗೆಲ್ಲ ಕೇಳುವಂತೆ ತೆಲುಗಿನಲ್ಲಿ ಕೂಗಿದರು. ಅವತ್ತು ಗಂಡ ನನ್ನನ್ನು ಜಡೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ಹಿಪ್ಪುನೇರಳೆ ಕಡ್ಡಿಯಲ್ಲಿ ಬಾರಿಸಿದರು. ಕಡ್ಡಿ ಮುರಿಯಿತು. ಇನ್ನೊಂದು ತಂದರು.

ಕೈವಾರದ ಕಡೆ ಮದ್ದು ತೆಗೆಯುವವನೊಬ್ಬ ಏನೋ ರಸ ಕುಡಿಸಿ ಅವರಿಗೆ ವಾಂತಿ ಮಾಡಿಸಿದ. ಅದರೊಳಗಿಂದ ಕೂದಲುಂಡೆಯಂಥದ್ದನ್ನು ಎತ್ತಿ ತೋರಿಸಿದನಂತೆ. ಗಂಡ ಮನೆಗೆ ಬಂದವರೇ ನನ್ನ ಎದೆಗೆ ಒದ್ದರು. ಅತ್ತೆ ನನ್ನನ್ನು ಒಲೆಯ ಹತ್ತಿರ ಸೇರಿಸದೆ ತಾವೇ ಅಡುಗೆಗೆ ನಿಂತರು. ಇನ್ನೊಂದು ಸಲ ನೋವು ಬಂದರೆ ನನ್ನನ್ನು ತವರಿಗೆ ಅಟ್ಟುವುದೆಂದೂ ಗೊತ್ತುಮಾಡಿದರು. ಮದ್ದು ಹಾಕಿದವಳೆಂಬ ಹೆಸರು ಹೊತ್ತು ಹೋದರೆ ನನ್ನ ತಂಗಿಯನ್ನು ಯಾರು ಮಾಡಿಕೊಳ್ಳುತ್ತಾರೆ?

ನೋವು ಬಂದೇ ಬಂತು. ಅತ್ತೆಯ ಅಡುಗೆ ಉಂಡೂ ಬಂತು. ಆಗ ನನಗೆ ಹೊಳೆಯಿತು: ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೇ, ಬೆಳೆ ಕೈಗೆ ಸಿಗುತ್ತದೋ ಇಲ್ಲವೋ ಎಂದು ಇವರು ಒದ್ದಾಡುವಾಗಲೇ ಈ ನೋವು. ಕಪಾಳಕ್ಕೆ ಬಿದ್ದರೆ ಬೀಳಲಿ ಎಂದು ಮಾವನ ಮುಂದೆ ಹೇಳಿಬಿಟ್ಟೆ. ಮಾವ ನಮ್ಮಿಬ್ಬರನ್ನೂ ಚಿಂತಾಮಣಿಯ ಡಾಕ್ಟರ ಹತ್ತಿರ ಕಳಿಸಿದರು.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ರಕ್ತ ಬೀಳುತ್ತದೆಯೇ, ಮೈ ಇಳಿದಿದೆಯೇ ಎಂದು ವಿಚಾರಿಸಿದರು. ಎರಡೂ ಇರಲಿಲ್ಲ. ಕರುಳಿಗೆ ಗಾಯವಿಲ್ಲ, ಅದರ ಸ್ವಭಾವವೇ ಸಿಡುಕು, ಮನಸ್ಸಿಗೆ ಗಾಬರಿಯಾದರೆ ಹಿಂಡಿಕೊಳ್ಳುತ್ತದೆ, ಮದ್ದೂ ಇಲ್ಲ ಮಣ್ಣೂ ಇಲ್ಲ ಎಂದರು. ಆಮೇಲೆ, ನಾನು ಹೊಟ್ಟೆ ಹಿಡಿದುಕೊಂಡು ನಿಂತಿದ್ದನ್ನು ಕಂಡು ಕೇಳಿದರು: "ಏನಮ್ಮ, ನಿಮಗೂ ಹೀಗಾಗುತ್ತಾ?"

"ಆಗ್ತೈತೆ ಡಾಕ್ಟ್ರೇ. ಇವರ ಚಪ್ಪಲಿ ಸದ್ದು ಕೇಳಿದಾಗೆಲ್ಲ."

ಗಂಡ ಅಲ್ಲಿಂದಾಚೆಗೆ ಕೈಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವತ್ತು ಮನೆಗೆ ಬಂದವರು ಅತ್ತೆ ಬಡಿಸಿದ ತಟ್ಟೆ ಸರಿಸಿ, ನನ್ನ ಕೈಯ ಮುದ್ದೆಯೇ ಬೇಕೆಂದರು. ಬಡಿಸಿದೆ. ಅವರು ಸತ್ತು ಇಷ್ಟು ವರ್ಷವಾಯಿತು. ಬಾಗಿಲಲ್ಲಿ ಯಾರದೇ ಚಪ್ಪಲಿ ಸದ್ದಾಗಲಿ, ನನ್ನ ಹೊಟ್ಟೆ ಈಗಲೂ ಹಿಂಡುತ್ತದೆ.