ಅಂಗಳಕ್ಕೆ ಬಿದ್ದ ಕೆಂಪೆಣ್ಣೆ

ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಗಾಡಿಯ ಕೆಳಗೆ ರಾತ್ರಿ ರಟ್ಟು ಹಾಸಿ, ಬೆಳಿಗ್ಗೆ ನೋಡಿ. ಕಪ್ಪು ಬಿದ್ದಿದ್ದರೆ ಎಂಜಿನ್ ಆಯಿಲ್. ಕೆಂಪು ಬಿದ್ದಿದ್ದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್. ಅದಕ್ಕೆ ಕಂಪನಿಯವರೇ ಬಣ್ಣ ಬೆರೆಸಿರುತ್ತಾರೆ. ಬಸವಕಲ್ಯಾಣದಲ್ಲಿ ಕಾರು ಕೊಂಡು ಮಾರಿಯೇ ಬದುಕು ಕಟ್ಟಿಕೊಂಡವನು ನಾನು. ಆದರೆ ಈ ಕೆಂಪೆಣ್ಣೆಯ ವಿಷಯ ನನ್ನಿಂದ ಕಾರು ಕೊಂಡ ರಾಜೇಶ್ವರ ಊರಿನ ಗಿರಾಕಿಗೆ ಗೊತ್ತಿರಲಿಲ್ಲ.

ಅವನ ಫೋನ್ ಬಂದಾಗ ನಾನು ಹುಮನಾಬಾದಿನ ಗ್ಯಾರೇಜಿನಲ್ಲಿದ್ದೆ.

"ಸೇಠ್ರ, ಗಾಡಿ ತಂದಾಗಿಂದ ದಿನಾ ಮುಂಜಾನಿ ಅಂಗಳದಾಗ ರಕ್ತ ಬಿದ್ದಿರ್ತದ್ರಿ. ನಮ್ಮ ಕಾಕಿ ಭಾನಾಮತಿ ಮಾಡ್ಯಾಳ. ನಮ್ಮ ತಮ್ಮ ಆಕಿನ ಹಿಡದು ಕಟ್ಯಾನ."

"ರಕ್ತ ಎಲ್ಲಿ ಬೀಳ್ತದ? ಮುಂದಿನ ಗಾಲಿ ಹತ್ರ?"

"ಹೌದ್ರಿ. ನಿಮಗ ಹ್ಯಾಂಗ ಗೊತ್ತಾಯ್ತು?"

ಅವನ ಹಿಂದೆ ಹೆಂಗಸೊಬ್ಬಳು ಚೀರಿದಳು. ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಹೊಸ ಆಯಿಲ್ ಸೀಲು, ಆಯಿಲ್ ಡಬ್ಬಿ ತೆಗೆದುಕೊಂಡು, ಮೆಕ್ಯಾನಿಕ್ ಉಸ್ತಾದನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ. ಭಾನಾಮತಿ, ಅಂದರೆ ಮಾಟ, ಮಾಡುವವರ ಹಲ್ಲು ಕಿತ್ತರೆ ಬಾಯಿಂದ ಮಂತ್ರ ನೆಟ್ಟಗೆ ಹೊರಡುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಸತ್ತಿಲ್ಲ. ದಾರಿಯುದ್ದಕ್ಕೂ ನನಗೆ ಅದೇ ಚಿಂತೆ.

ಕಾಕಿ ಎಂದರೆ ಗಿರಾಕಿಯ ಸತ್ತ ಚಿಕ್ಕಪ್ಪನ ಹೆಂಡತಿ. ಪಕ್ಕದ ಖೋಲಿಯಲ್ಲಿ ಒಬ್ಬಳೇ ಇರುತ್ತಾಳೆ. ಹೊಲದ ಬದುವಿನ ಜಗಳ ಬೇರೆ. ನಾವು ಹೋದಾಗ ಅವಳನ್ನು ದನದ ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದರು. ತುಟಿ ಸೀಳಿ ಗಲ್ಲದವರೆಗೂ ರಕ್ತ ಇಳಿದಿತ್ತು. ಗಿರಾಕಿಯ ತಮ್ಮ ನಮ್ಮನ್ನು ಕಂಡವನೇ ಉಸ್ತಾದನ ಚೀಲಕ್ಕೆ ಕೈಹಾಕಿ ಇಕ್ಕಳದಂಥ ಪಕ್ಕಡ ಎಳೆದುಕೊಂಡ. ಸುತ್ತ ನೆರೆದಿದ್ದವರಲ್ಲೊಬ್ಬ ಅವಳ ಕೂದಲು ಹಿಡಿದು ತಲೆಯನ್ನು ಹಿಂದಕ್ಕೆ ಬಗ್ಗಿಸಿದ. ನಾನು ಓಡಿ ಮುಟ್ಟುವಷ್ಟರಲ್ಲಿ ಮುಂದಿನ ಹಲ್ಲೊಂದು ಕಟಕ್ಕೆಂದು ಕಿತ್ತು ಬಂದಿತ್ತು. ಅವಳು ಕೂಗಲಿಲ್ಲ, ಗೊಳಗೊಳ ಸದ್ದು ಮಾಡಿದಳು. ನಾನು ಪಕ್ಕಡ ಹಿಡಿದವನ ಮಣಿಕಟ್ಟು ಹಿಡಿದೆ. ಅವನು ಹಣೆಯಿಂದ ನನ್ನ ಮೂಗಿಗೆ ಗುದ್ದಿದ. ಉಸ್ತಾದ ಗಾಲಿ ಬಿಚ್ಚುವ ಪಾನಾ ಬೀಸಿ ಅವನ ಮೊಣಕೈಗೆ ಕೊಟ್ಟ ಏಟಿಗೆ ಪಕ್ಕಡ ಬಿತ್ತು. ಕೊಡಲಿ ತರಲು ಯಾರೋ ಒಳಗೆ ಓಡಿದರು.

ಇಂಥ ಹೊತ್ತಿನಲ್ಲಿ ಬುದ್ಧಿವಾದ ಹೇಳಬೇಡಿ, ಯಾರೂ ಕೇಳುವುದಿಲ್ಲ. ಸೌದಾ ಮಾಡಿ.

"ಒಂದು ಯಾಪಾರದ ಮಾತು ಕೇಳ್ರಿ!" ಎಂದು ಕೂಗಿದೆ. "ಆ ರಕ್ತ ಈ ಗಾಡಿ ಒಳಗಿಂದ ಬರ್ಲಿಲ್ಲಾ ಅಂದ್ರ ನನ್ನ ಹಲ್ಲ ಕೀಳ್ರಿ. ಬಂದ್ರ ಆಕಿನ ಬಿಡಬೇಕು."

ಕಟ್ಟೆಯ ಮೇಲಿನ ಮುದುಕನೊಬ್ಬ ಕೇಳಿದ: "ಎಲ್ಲಾ ಹಲ್ಲ?"

"ಎಲ್ಲಾ. ದವಡಿ ಹಲ್ಲ ಸೈತ."

ಕೊಡಲಿ ಹಿಡಿದವನು ನಿಂತ. ಗಾಡಿಯ ಕೆಳಗೆ ತೂರಿ, ಬೆರಳು ಕೆಂಪಾಗಿಸಿಕೊಂಡು ಬಂದು ತೋರಿಸಿದೆ.

"ನೋಡ್ರಿ, ಗಾಡಿಗೂ ಮಾಡ್ಯಾಳ ರಂಡಿ!" ಎಂದ ತಮ್ಮ.

ಹೊಸ ಡಬ್ಬಿಯನ್ನು ಅವನ ಎದೆಗೆ ಒತ್ತಿದೆ. "ಅಂಗಡ್ಯಾಗಿಂದ ಈಗ ತಂದೀನಿ. ಮುಚ್ಚಳ ನೀನೇ ತೆಗಿ. ಇದಕ್ಕೂ ಮಾಡ್ಯಾಳೇನು?"

ಅವನು ಅಂಗೈಗೆ ಸುರಿದುಕೊಂಡ. ಕೆಂಪು. ಮೂಸಿ ನೋಡಿದ. ಅವನ ಅಣ್ಣ, ನನ್ನ ಗಿರಾಕಿ, ತಲೆ ತಗ್ಗಿಸಿಕೊಂಡು ಹೋಗಿ ಹಗ್ಗ ಬಿಚ್ಚಿದ.

ದವಾಖಾನೆಗೂ ಠಾಣೆಗೂ ಹೋಗೋಣ ಎಂದೆ ಕಾಕಿಗೆ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಗಿರಾಕಿಯ ತಮ್ಮನತ್ತ ನೋಡಿ ತಲೆಯಾಡಿಸಿದಳು. "ಬ್ಯಾಡ್ರಿ. ಮನಿ ಮಾತು. ಇವ್ನಿಗಿ ಸಣ್ಣಂವ ಇದ್ದಾಗ ನಾನೇ ಉಣಿಸೀನಿ."

ಹಾಗಾಗಿ ಕೆಲಸ ಹಿಡಿದೆವು. ಗಾಲಿ ಬಿಚ್ಚಿ, ಗೇರ್‌ಬಾಕ್ಸಿನಿಂದ ಆ್ಯಕ್ಸಲ್ ಎಳೆದಾಗ ಉಳಿದ ಎಣ್ಣೆ ಕಬ್ಬಿಣದ ಬುಟ್ಟಿಗೆ ಭಳಕ್ಕನೆ ಸುರಿಯಿತು. ಹೆಂಗಸರು ಹಿಂದೆ ಸರಿದರು. ಹಳೆ ಸೀಲಿನ ರಬ್ಬರು ಒಣಗಿ ಬಳೆಯ ಹಾಗೆ ಗಟ್ಟಿಯಾಗಿತ್ತು. ಅದನ್ನು ಕೀಳುವಾಗ ಅದು ಕೂರುವ ಗೂಡಿಗೆ ಗೀರು ಬೀಳಬಾರದು. ಹೊಸದರ ತುಟಿಗೆ ಎಣ್ಣೆ ಸವರಿ, ಸುತ್ತಲೂ ಸಮನಾಗಿ ತಟ್ಟಿ ಕೂರಿಸಬೇಕು. ಒಂದು ಕಡೆ ಬಡಿದರೆ ಮತ್ತೆ ಸೋರುತ್ತದೆ. ಜೀಪಿಗೆ ಹಾಕುವ ಮಂದ ಎಣ್ಣೆಯನ್ನಂತೂ ಇದಕ್ಕೆ ಸುರಿಯಲೇಬೇಡಿ. ಉಸ್ತಾದ ಕೊಡಲಿಯವನ ಮೇಲೆ ಒಂದು ಕಣ್ಣಿಟ್ಟೇ ತಟ್ಟುತ್ತಿದ್ದ. ಸುತ್ತಿಗೆ ತಪ್ಪಿ ಎರಡು ಸಲ ಹೆಬ್ಬೆರಳಿಗೇ ಬಡಿದುಕೊಂಡ.

ಎಣ್ಣೆ ತುಂಬಿ, ಊರ ಹೊರಗಿನವರೆಗೆ ಓಡಿಸಿ ತಂದು, ಕೆಳಗೆ ರಟ್ಟು ಹಾಸಿ ನಿಲ್ಲಿಸಿದೆವು. ಎಲ್ಲರೂ ಚಹಾ ಕುಡಿದರು. ರಟ್ಟು ಎಳೆದು ನೋಡಿದರೆ ಒಂದು ಹನಿಯೂ ಬಿದ್ದಿರಲಿಲ್ಲ.

ಗಿರಾಕಿಯ ತಮ್ಮ ಮೊಣಕೈ ತಿಕ್ಕಿಕೊಳ್ಳುತ್ತ ನಕ್ಕ. "ಹಲ್ಲ ಹೋಯ್ತು, ರಕ್ತ ಬಂದ್ ಆಯ್ತು. ನಾ ಹೇಳಿದ್ದಿಲ್ಲೇನು?"

ಮುದುಕ ಹೌದೆಂಬಂತೆ ತಲೆದೂಗಿದ. ಇನ್ನಿಬ್ಬರು ದನಿಗೂಡಿಸಿದರು. ನನ್ನ ಕೈ ಪಾನಾದತ್ತ ಹೋಗಿತ್ತು.

ಕಾಕಿ ಎದ್ದಳು. ಯಾರನ್ನೂ ನೋಡದೆ ಬಂದು ಕಾರಿನ ಮುಂದಿನ ಬಾಗಿಲು ತೆಗೆದು ಕೂತಳು.

"ಕಾಕಿ, ಎಲ್ಲಿಗಿ?" ಎಂದ ನನ್ನ ಗಿರಾಕಿ.

"ಠಾಣಾಕ್ಕ." ಹಲ್ಲು ಹೋದ ಸಂದಿಯಲ್ಲಿ ಗಾಳಿ ನುಗ್ಗಿ ಮಾತು ಒಡೆಯಿತು. ಮತ್ತೊಮ್ಮೆ, ತಮ್ಮನ ಕಡೆ ತಿರುಗಿ, ಬಿಡಿಸಿ ಹೇಳಿದಳು: "ಠಾಣಾಕ್ಕ."

ನಾನು ಗಿರಾಕಿಯ ಮುಂದೆ ಕೈ ಚಾಚಿದೆ. ಅವನು ತಮ್ಮನ ಮುಖ ನೋಡಿದ, ಆಮೇಲೆ ಕೀಲಿ ಕೊಟ್ಟ.