ಅಳತೆ ತೆಗೆದು ಕಂಪ್ಯೂಟರ್ ಕಟ್ಟುವ ಟೇಪಕ್ಕ

ಬೆಳಗಿನ ಐದೂಮುಕ್ಕಾಲು. ಮೂರನೇ ಮಹಡಿಯ ಮನೆ. ಊಟದ ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿದೆ. ಅದರ ಮೇಲೆ, ಪಕ್ಕದ ಬಾಗಿಲು ಬಿಚ್ಚಿದ ಕಪ್ಪು ಕಂಪ್ಯೂಟರ್ ಡಬ್ಬ. ಅದರೊಳಗೆ ಮೊಣಕೈವರೆಗೆ ಕೈಯಿಳಿಸಿ, ಹಲ್ಲಲ್ಲಿ ಸಣ್ಣ ಟಾರ್ಚ್ ಕಚ್ಚಿಕೊಂಡು ಐವತ್ತೆರಡರ ಹೆಂಗಸೊಬ್ಬರು ನಿಂತಿದ್ದಾರೆ. ಕೊರಳಲ್ಲಿ ದರ್ಜಿಗಳ ಅಳತೆ ಟೇಪು. ಈ ಬಡಾವಣೆಯಲ್ಲಿ ಅವರ ಹೆಸರು ಕೇಳಿದರೆ ಯಾರೂ ಹೇಳಲಾರರು. ಟೇಪಕ್ಕ ಎಂದರೆ ಮಾತ್ರ ಚಿಕ್ಕ ಮಗುವೂ ಮನೆ ತೋರಿಸುತ್ತದೆ.

“ಹೊತ್ತೇರಿದ್ರೆ ಬೀದಿ ಗದ್ದಲ. ಈಗಾದ್ರೆ ಫ್ಯಾನು ಉಸಿರಾಡೋದೂ ಕೇಳುತ್ತೆ,” ಎನ್ನುತ್ತಾರೆ ಟಾರ್ಚನ್ನು ಬಾಯಿಂದ ತೆಗೆದು.

ಇವತ್ತು ಅವಸರಕ್ಕೆ ಬೇರೆ ಕಾರಣವೂ ಇದೆ. ಈ ಮನೆಯ ಸೊಸೆ ಕಟ್ಟಡಗಳ ಒಳಾಂಗಣದ ನಕ್ಷೆ ಬರೆಯುವವಳು. ಎಂಟು ವರ್ಷ ಇನ್ನೊಬ್ಬರ ಕಚೇರಿಯಲ್ಲಿ ದುಡಿದಳು. ಗೆರೆ ಇವಳದು, ಕೆಳಗಿನ ಹೆಸರು ಅವರದು. ಈಗ ಮೊದಲ ಬಾರಿಗೆ ಸ್ವಂತ ಹೆಸರಿನಲ್ಲಿ ಒಂದು ಕೆಲಸ ಕೈಗೆ ಬರುವಂತಿದೆ: ಮಕ್ಕಳ ವಾಚನಾಲಯ. ಒಳಗೆ ನಡೆದುಹೋದರೆ ಹೇಗೆ ಕಾಣುತ್ತದೆಂದು ತೋರಿಸುವ ಎರಡು ನಿಮಿಷದ ವಿಡಿಯೊ ಮಧ್ಯಾಹ್ನ ಹನ್ನೆರಡರೊಳಗೆ ಸಮಿತಿಗೆ ತಲುಪಬೇಕು. ಅದಕ್ಕೆ ಕಂಪ್ಯೂಟರ್ ಮೂರು ಸಾವಿರ ಚಿತ್ರಗಳನ್ನು ಒಂದೊಂದಾಗಿ ಬಿಡಿಸಬೇಕು. ಹಳೆಯದು ಒಂಬೈನೂರು ದಾಟುವಷ್ಟರಲ್ಲಿ ಮೂರು ಸಲ ಮೂರ್ಛೆ ಹೋಗಿದೆ. ಹನ್ನೆರಡು ಮೀರಿದರೆ ಕೆಲಸ ಸಾಲಿನಲ್ಲಿರುವ ಮುಂದಿನವರ ಪಾಲು.

“ಪೇಟೆ ಅಂಗಡಿಯವರು ಎಲ್ಲಾ ಎಸೆದು ಹೊಸದೇ ತಗೊಳ್ಳಿ ಅಂದ್ರು. ಅಕ್ಕ ಮಾತ್ರ ಬರಿಗೈಲಿ ಬಂದು, ನೀನು ಕೆಲಸ ಮಾಡಮ್ಮ, ನಾನು ನೋಡ್ತೀನಿ ಅಂದ್ರು,” ಎನ್ನುತ್ತಾಳೆ ಸೊಸೆ.

ಟೇಪಕ್ಕನ ಪದ್ಧತಿಯೇ ಅದು. ಯಾವ ಭಾಗ ತರಬೇಕೆಂದು ಹೇಳುವ ಮೊದಲು ಒಂದು ಗಂಟೆ ಗಿರಾಕಿಯ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ಯಂತ್ರ ಎಲ್ಲಿ ಏದುಸಿರು ಬಿಡುತ್ತದೆ, ಮನುಷ್ಯರು ಎಲ್ಲಿ ಹಣೆ ಒತ್ತಿಕೊಳ್ಳುತ್ತಾರೆ, ಎರಡನ್ನೂ ನೋಡುತ್ತಾರೆ. ಆಮೇಲೆ ಟೇಪು ಬಿಚ್ಚಿ ಡಬ್ಬದ ಉದ್ದ, ಎತ್ತರ, ಅಗಲ ಬರೆದುಕೊಳ್ಳುತ್ತಾರೆ. ನಾಲ್ಕು ದಿನದ ಹಿಂದೆ ಇಲ್ಲೂ ಹಾಗೇ ಕೂತು ತೀರ್ಪು ಕೊಟ್ಟರು.

“ಪ್ರೊಸೆಸರ್ ಗಟ್ಟಿಮುಟ್ಟಾಗಿದೆ, ಅದನ್ಯಾಕೆ ಎಸೀಬೇಕು? ಅಡುಗೆಯವಳು ಚುರುಕೇ. ಪಾಪ, ಕಟ್ಟೆ ಅಂಗೈಯಗಲ ಇದೆ. ತರಕಾರಿ ಇಟ್ರೆ ಪಾತ್ರೆಗೆ ಜಾಗ ಇಲ್ಲ.” ಕಟ್ಟೆ ಎಂದರೆ ರ‍್ಯಾಮ್. ಎಂಟು ಜಿಬಿ ಇದ್ದದ್ದು ಮೂವತ್ತೆರಡಾಗಬೇಕು. ಗರಗರ ಸುತ್ತುವ ಹಳೇ ಡಿಸ್ಕಿನ ಜಾಗಕ್ಕೆ ಸದ್ದಿಲ್ಲದ ಎಸ್‌ಎಸ್‌ಡಿ. ಚಿತ್ರ ಬಿಡಿಸಲು ಹೊಸ ಗ್ರಾಫಿಕ್ಸ್ ಕಾರ್ಡ್. ಇವಕ್ಕೆಲ್ಲ ಕರೆಂಟು ಹಂಚಲು ದೊಡ್ಡ ಪವರ್ ಸಪ್ಲೈ. “ಹೊಟ್ಟೆಗೆ ಹಾಕದೆ ದುಡಿ ಅಂದ್ರೆ ಯಾರು ದುಡೀತಾರೆ?” ಉಳಿದದ್ದೆಲ್ಲ ಮೊದಲೇ ಬಂದರೂ ಕಾರ್ಡ್ ಮಾತ್ರ ನಿನ್ನೆ ಸಂಜೆ ಬಂತು. ಆದ್ದರಿಂದಲೇ ಈ ಬೆಳಗಿನ ಓಟ.

ಟೇಪಕ್ಕ ಹದಿನೇಳು ವರ್ಷ ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆಯುತ್ತಿದ್ದವರು. ಸಿದ್ಧ ಉಡುಪು ಬಂದು ಅಂಗಡಿ ಸೊರಗಿದ ಕಾಲದಲ್ಲಿ, ಅಲ್ಲಿದ್ದ ಒಂದೇ ಕಂಪ್ಯೂಟರನ್ನು ಮೆಕ್ಯಾನಿಕ್ ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡಿದರು. “ಒಳಗೆ ನೋಡ್ತೀನಿ, ಅಂಗಿನೇ! ತೋಳು ಬೇರೆ, ಕಾಲರ್ ಬೇರೆ, ಗುಂಡಿ ಬೇರೆ. ಜೋಡಿಸಿದ್ರೆ ಆಯ್ತು ಅಂದ್ಕೊಂಡೆ.” ಅಷ್ಟು ಸುಲಭಕ್ಕೆ ಆಗಲಿಲ್ಲ. ಗುಜರಿಯಿಂದ ತಂದ ಮೊದಲ ಮೂರನ್ನು ಸುಟ್ಟರು. ನಾಲ್ಕನೆಯದು ಬೀಪ್ ಎಂದಾಗ ಮನೆಮಂದಿಯನ್ನೆಲ್ಲ ಎಬ್ಬಿಸಿ ಕೂರಿಸಿದರಂತೆ.

ಅಲ್ಲಿಂದ ಹದಿನಾಲ್ಕು ವರ್ಷ. ಅಳತೆ ಪುಸ್ತಕದಲ್ಲಿ ಸಾವಿರದ ನೂರಾ ಆರು ಯಂತ್ರಗಳಿವೆ. ವಾರಕ್ಕೆ ಮೂರು ಮನೆ, ಮನೆಗೆ ಮೂರು ಗಂಟೆ. ಮಹಡಿ ಹತ್ತಿಳಿದು ಮಂಡಿ ಸವೆದಿದೆ. ಬಾಗಿಲು ತೆರೆದವರು ಇವತ್ತಿಗೂ ಬೆನ್ನ ಹಿಂದೆ ಇಣುಕಿ, “ಮೆಕ್ಯಾನಿಕ್ ಎಲ್ಲಿ?” ಎನ್ನುತ್ತಾರೆ. “ಚಪ್ಪಲಿ ಬಿಡ್ತಾ ಇದ್ದಾಳೆ, ಬರ್ತಾಳೆ ತಡೀರಿ, ಅಂತೀನಿ!”

ಆರೂವರೆಗೆ ರ‍್ಯಾಮ್ ಟಕ್ಕೆಂದು ಕೂರುತ್ತದೆ, ಹಳೇ ಡಿಸ್ಕಿನದ್ದೆಲ್ಲ ಮೊದಲೇ ನಕಲಿಸಿಟ್ಟ ಎಸ್‌ಎಸ್‌ಡಿಯೂ. ಏಳಕ್ಕೆ ಪವರ್ ಸಪ್ಲೈ. ಏಳೂ ಹತ್ತಕ್ಕೆ ಗ್ರಾಫಿಕ್ಸ್ ಕಾರ್ಡ್ ತನ್ನ ಸೀಳಿನೊಳಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಇಳಿಯುತ್ತದೆ. ಗುಂಡಿ ಒತ್ತಿದರೆ ಪರದೆ ಕಣ್ಣು ಮಿಟುಕಿಸುವುದರೊಳಗೆ ಬೆಳಗುತ್ತದೆ. ಸೊಸೆ ಚಪ್ಪಾಳೆ ತಟ್ಟುತ್ತಾಳೆ. ಯಂತ್ರ ಆರಿಸಿ, ಟೇಪಕ್ಕ ಪಕ್ಕದ ಬಾಗಿಲು ಮುಚ್ಚಲು ಹೋಗುತ್ತಾರೆ. ಬಾಗಿಲು ಮುಚ್ಚುವುದಿಲ್ಲ.

ಕಾರ್ಡಿನ ನೆತ್ತಿಗೆ ಚುಚ್ಚುವ ದಪ್ಪ ಕರೆಂಟ್ ವೈರು ಬಾಗಿಲಿಗೆ ಎದೆಯೊಡ್ಡಿ ನಿಂತಿದೆ. ಕಾರ್ಡಿಗೆ ಜಾಗವಿದೆ, ವೈರು ಬಳುಕುವುದಕ್ಕೆ ಇಲ್ಲ.

ಟೇಪಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. “ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಾನು ಕಾಲೂ ಅಳೆದೆ, ಹಾಸಿಗೆನೂ ಅಳೆದೆ, ಹೊದಿಕೆ ಮರೆತೆ ನೋಡಿ! ಹೊಲಿಗೆಗೆ ಒಂದು ಬೆರಳು ಬಟ್ಟೆ ಬಿಡದ ದರ್ಜಿ ನಾನು.”

ಅಷ್ಟರಲ್ಲಿ ಪೊರಕೆ ಹಿಡಿದು ಅತ್ತೆ ಬರುತ್ತಾರೆ. “ಅಯ್ಯೋ, ಮಂಡಿ ಕೊಟ್ಟು ಒತ್ತಮ್ಮ. ತುಂಬಿದ ಸೂಟ್‌ಕೇಸ್ ಮುಚ್ಚಲ್ವಾ ನಾವು?”

“ಒತ್ತಿದ್ರೆ ಮುಚ್ಚುತ್ತೆ ಅಮ್ಮಾ. ಬುಡದಲ್ಲೇ ವೈರು ಮಡಚಿ, ಕಾದು, ಕರಗಿದ್ರೆ? ಬೇಡ. ಇವತ್ತು ಬಾಗಿಲಿಲ್ಲದೆ ಓಡ್ಲಿ, ನಾನು ಪಕ್ಕದಲ್ಲೇ ಕೂತಿರ್ತೀನಿ. ನೀವು ಮಾತ್ರ ಇವತ್ತು ಕಸ ಗುಡಿಸ್ಬೇಡಿ. ಧೂಳೆಲ್ಲಾ ಒಳಗೆ ಹೋಗುತ್ತೆ.”

“ಈ ಮನೆಗೆ ಬಂದಾಗಿಂದ ಗುಡಿಸದ ದಿನ ಇಲ್ಲ,” ಎಂದು ಅತ್ತೆ ಗೊಣಗುತ್ತಾರೆ.

“ಸೊಸೆ ಹೆಸರಲ್ಲಿ ಒಂದು ದಿನ ರಜ ತಗೊಳ್ಳಿ.”

ಪೊರಕೆ ಬಾಗಿಲ ಹಿಂದಕ್ಕೆ ಹೋಗುತ್ತದೆ. ಏಳೂವರೆಗೆ ಚಿತ್ರಗಳು ಹೊರಡುತ್ತವೆ. ಹಳೇ ಯಂತ್ರದಲ್ಲಿ ಒಂದಕ್ಕೆ ಐವತ್ತು ಸೆಕೆಂಡು ಹಿಡಿಯುತ್ತಿದ್ದದ್ದು ಈಗ ನಾಲ್ಕೇ! ನೂರು, ಇನ್ನೂರು, ಐನೂರು. ಒಂಬೈನೂರು ಹತ್ತಿರ ಬಂದಾಗ ಮೂವರೂ ಪರದೆಯತ್ತ ಬಾಗುತ್ತಾರೆ. ಸೊಸೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಟೇಪಕ್ಕ ಕಾರ್ಡಿನ ಮೇಲೆ ಅಂಗೈ ಹಿಡಿದು, ಜ್ವರ ನೋಡುವ ತಾಯಿಯಂತೆ ಬಿಸಿ ನೋಡುತ್ತಾರೆ. “ಒಂಬೈನೂರಾ ಒಂದು!” ಎಂದು ಕೂಗಿದ್ದು ಯಾರು ಗೊತ್ತೇ? ಅತ್ತೆ! ಅಲ್ಲಿಂದಾಚೆಗೆ ಎಣಿಕೆ ಅವರದೇ. ತರಕಾರಿ ಹೆಚ್ಚುತ್ತಲೂ ಎಣಿಸುತ್ತಾರೆ, ತಪ್ಪಿದರೆ ಸೊಸೆಯನ್ನೇ ಗದರುತ್ತಾರೆ.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಮೂರು ಸಾವಿರ ಮುಗಿಯುತ್ತದೆ. ಹನ್ನೊಂದೂಕಾಲಿಗೆ ವಿಡಿಯೊ ಹೊರಟಾಗುತ್ತದೆ. ತಲುಪಿತು ಎಂಬ ಒಂದು ಸಾಲಿನ ಉತ್ತರವೂ ಬರುತ್ತದೆ. ಸೊಸೆ ಟೇಪಕ್ಕನನ್ನು ಸ್ಟೂಲ್ ಸಮೇತ ಅಪ್ಪಿಕೊಳ್ಳುತ್ತಾಳೆ.

“ಸಂತೋಷ ಆಮೇಲೆ. ನಾಳೆ ಇದಕ್ಕಿಂತ ಎರಡು ಬೆರಳು ಅಗಲ ಜಾಸ್ತಿ ಇರೋ ಹೊಸ ಡಬ್ಬ ತರ್ತೀನಿ. ಅಂಗಿ ಬಿಗಿಯಾಯ್ತು ಅಂತ ಮೈ ಕೊಯ್ಯೋಕಾಗುತ್ತಾ? ತಪ್ಪು ನನ್ನದು, ಡಬ್ಬದ ಖರ್ಚೂ ನನ್ನದೇ. ಬೇಡ ಅಂದ್ರೆ ಮತ್ತೆ ಈ ಮೆಟ್ಟಿಲು ಹತ್ತಲ್ಲ.”

ಎಲ್ಲರೂ ಕೂತು ವಿಡಿಯೊ ನೋಡುತ್ತಾರೆ. ಬಾಗಿಲು ತೆರೆಯುತ್ತದೆ, ಮಕ್ಕಳ ಎತ್ತರದ ಕಪಾಟುಗಳ ನಡುವೆ ಬಿಸಿಲು ಹರಿಯುತ್ತದೆ, ಕಿಟಕಿಯ ಅಂಚಿನಲ್ಲಿ ಕೂತು ಓದಲು ಮೆತ್ತೆಗಳು. ಕೊನೆಗೆ ಮೂಲೆಯಲ್ಲಿ ಸೊಸೆಯ ಹೆಸರು. ಅತ್ತೆ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದುತ್ತಾರೆ, ಆಮೇಲೆ ಟೇಪಕ್ಕನ ಕಡೆ ತಿರುಗಿ, “ಅಲ್ಲಮ್ಮಾ, ಇಷ್ಟು ಮಾಡಿದ್ದೀಯಲ್ಲ, ನಿನ್ನ ಹೆಸರೆಲ್ಲಿ?” ಎಂದು ಕೇಳುತ್ತಾರೆ.

“ಸೂಜಿ ಹೆಸರು ಅಂಗಿ ಮೇಲೆ ಬರೀತಾರಾ ಅಮ್ಮಾ?” ಟೇಪಕ್ಕನ ಕಣ್ಣು ಇನ್ನೂ ಪರದೆಯ ಮೇಲೆಯೇ. “ಎರಡು ನಿಮಿಷ, ಎಲ್ಲೂ ತಡವರಿಸಲಿಲ್ಲ, ನೋಡಿದ್ರಾ? ಎಲ್ಲಿ, ಇನ್ನೊಂದ್ಸಲ ಹಾಕು ತಂಗಿ.”