ಮೂರನೇ ಸಾಲಿನ ನಗು

ಕಾಮಿಡಿ ಶೋ ನಡೆಯುವ ಹಾಲ್‌ನ ಮ್ಯಾನೇಜರ್ ಮೊದಲ ಸಲ ಟೈಲರಕ್ಕನ ಅಂಗಡಿಗೆ ಬಂದದ್ದು ಒಂದು ಬೂದು ಪ್ಯಾಂಟಿನ ಸೊಂಟ ಬಿಡಿಸಲು. ಮಧ್ಯಾಹ್ನ ಹನ್ನೆರಡರ ಹೊತ್ತು. ಅಕ್ಕನ ಕೊರಳಲ್ಲಿ ಟೇಪು, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ.

“ನಾನೇನೂ ದಪ್ಪ ಆಗಿಲ್ಲ ಅಕ್ಕ. ಬೀರುವಿನಲ್ಲಿ ಇಟ್ಟಿದ್ದೆ, ತಾನಾಗೇ ಚಿಕ್ಕದಾಗಿದೆ,” ಎಂದು ಆತ ಗಂಭೀರವಾಗಿ ಹೇಳಿದ.

ಅಕ್ಕ ಸೂಜಿಗಳನ್ನು ಅಂಗೈಗೆ ಉಗುಳಿಕೊಂಡು ನಕ್ಕಳು. ಗುಂಡಿ ಹಾಕಿಸಲು ಹೊರಗೆ ಕಾಯುತ್ತಿದ್ದ ಇಬ್ಬರು, ಮಾತು ಕೇಳಿಸದಿದ್ದರೂ, ಜೊತೆಗೆ ನಕ್ಕರು. ಮ್ಯಾನೇಜರ್ ಅವರನ್ನೂ ನೋಡಿದ, ಅಕ್ಕನನ್ನೂ ನೋಡಿದ.

“ಇದೇ ನಗುನ ಸಂಜೆ ನಮ್ಮ ಹಾಲ್‌ಗೆ ಬಂದು ನಗ್ತೀರಾ?”

ಹಾಗೆ ಶುರುವಾದ ಕೆಲಸ ಒಂಬತ್ತು ವರ್ಷ ನಡೆಯಿತು. ಸ್ಟ್ಯಾಂಡಪ್ ಕಾಮಿಡಿ ಇರುವ ದಿನ ಮೂರನೇ ಸಾಲಿನ ನಡುವೆ ಕೂತು, ಎಲ್ಲರಿಗಿಂತ ಅರೆಗಳಿಗೆ ಮುಂಚೆ ನಗಬೇಕು. ಉಳಿದವರ ನಗು ಹಿಂದೆಯೇ ಬರುತ್ತದೆ. ಅಂಗಡಿಯಲ್ಲಿ ಅಕ್ಕನಿಗೆ ಇಡೀ ದಿನ ಸ್ಟೂಲೇ ಗತಿ. ಹಾಲ್‌ನ ಕುರ್ಚಿಗೆ ಒರಗಿಕೊಳ್ಳಲು ಬೆನ್ನಿತ್ತು. ಆ ಜಾಗ ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

“ಊರಿಗೆಲ್ಲ ಹಲ್ಲು ಕಿರಿದು ಬರ್ತೀಯ, ಮನೇಲಿ ಮಾತ್ರ ಮುಖ ಗಂಟು,” ಎನ್ನುತ್ತಿದ್ದಳು ಅತ್ತೆ.

“ಅಲ್ಲೇ ಎಲ್ಲಾ ಖರ್ಚಾಗೋಗುತ್ತೆ ಅತ್ತೆ.”

ಅವಳು ತಮಾಷೆಗೆ ಹೇಳುತ್ತಿರಲಿಲ್ಲ. ಒಂಬತ್ತನೇ ವರ್ಷದ ಹೊತ್ತಿಗೆ ನಗು ನಿಜವಾಗಿಯೂ ತಡವಾಗಿ ಬರತೊಡಗಿತ್ತು.

“ನಿಮ್ಮ ನಗು ಈಗ ಜನರ ಹಿಂದೆ ಬರ್ತಿದೆ ಅಕ್ಕ,” ಎಂದ ಮ್ಯಾನೇಜರ್. “ನಾಳೆ ಇಂಟರ್ನೆಟ್‌ಗೆ ಹಾಕೋ ಸ್ಪೆಷಲ್ ಶೋ ರೆಕಾರ್ಡಿಂಗ್. ನಾಳೇನೂ ಹೀಗಾದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ.”

ರೆಕಾರ್ಡಿಂಗ್ ಎಂದರೆ ಅದೇ ಜೋಕುಗಳು ಎರಡು ಸಲ, ಮಧ್ಯಾಹ್ನ ಮೂರಕ್ಕೆ ಒಂದು ಸಲ, ಸಂಜೆ ಆರಕ್ಕೆ ಇನ್ನೊಂದು ಸಲ. ನಾಲ್ಕು ದಿನ ರಿಹರ್ಸಲ್ ಕೇಳಿದ್ದ ಅಕ್ಕನಿಗೆ ಎಲ್ಲವೂ ಬಾಯಿಪಾಠ. ಏನೇ ಆದರೂ ತಡವಾಗಬಾರದೆಂದು ಮನಸ್ಸು ಗಟ್ಟಿಮಾಡಿಕೊಂಡಳು. ಮೊದಲ ಆಟ ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ ರೆಪ್ಪೆ ಭಾರ. ಕಾಮಿಡಿಯನ್ ತನ್ನ ಅಪ್ಪನ ಕತೆಗೆ ಬಂದ.

“ನಮ್ಮಪ್ಪ ರಿಮೋಟ್‌ಗೆ ಹೊಡೀತಿದ್ರು, ಟಿವಿ ಆನ್ ಆಗ್ತಿತ್ತು. ನನಗೂ ಹೊಡೀತಿದ್ರು...”

‘ಇಪ್ಪತ್ತು ವರ್ಷ ಆಯ್ತು, ನಾನಿನ್ನೂ ಆನ್ ಆಗಿಲ್ಲ’ ಎಂಬುದು ಮುಂದಿನ ಮಾತು. ಮೂರು ಗಂಟೆಯ ಆಟದಲ್ಲಿ ಅದನ್ನು ನಿಲ್ಲಿಸದೆ ಹೇಳಿದ್ದ. ಈಗ ನಡುವೆ ಒಂದು ಗುಟುಕು ನೀರು ಕುಡಿದ. ಆ ಸಂದಿಯಲ್ಲೇ ಅಕ್ಕ ನಕ್ಕುಬಿಟ್ಟಳು.

ಯಾರೂ ಜೊತೆಗೆ ನಗಲಿಲ್ಲ.

“ಅಮ್ಮಾ, ಏಟು ಬಿದ್ದಿದ್ದಕ್ಕೇ ನಗು ಬಂತಾ? ನೀವು ನಮ್ಮಪ್ಪನ ಕಡೆಯವರಾ?” ಎಂದ ಕಾಮಿಡಿಯನ್. ಹಾಲ್ ಬಿದ್ದು ಬಿದ್ದು ನಕ್ಕಿತು. ಅಕ್ಕನ ಮುಖ ಕ್ಯಾಮೆರಾದಲ್ಲಿ ಹಾಗೇ ಉಳಿಯಿತು.

ಸ್ಪೆಷಲ್ ಶೋ ಬಿಡುಗಡೆಯಾದ ಮೇಲೆ ಜನ ವಿಡಿಯೊ ಕೆಳಗೆ ಬರೆದದ್ದನ್ನೆಲ್ಲ ಅತ್ತೆ ಕನ್ನಡಕ ಏರಿಸಿಕೊಂಡು ಫೋನಿನಲ್ಲಿ ಓದಿದಳು. “‘ಮಗೂಗೆ ಹೊಡೆದ್ರೆ ನಗ್ತಾಳಲ್ಲ, ಎಂಥ ಕಲ್ಲುಮನಸ್ಸು’ ಅಂತೆ. ‘ಈ ಆಂಟಿ ಎಲ್ಲಾ ಶೋನಲ್ಲೂ ಮೂರನೇ ಸಾಲಲ್ಲೇ ಇರ್ತಾರೆ, ಬಾಡಿಗೆ ನಗು’ ಅಂತ ಇನ್ನೊಬ್ಬ.” ಫೋನನ್ನು ಮಗುಚಿಟ್ಟಳು. “ಬೆಳಿಗ್ಗೆಯಿಂದ ಹೊಲಿದು ಸಾಕಾಗಿ ಹೋಗಿ ಕೂತವಳು ಅಂತ ಇವರಿಗೇನು ಗೊತ್ತು?”

ಅತ್ತೆ ತನ್ನ ಪರ ಮಾತಾಡಿದ್ದನ್ನು ಅಕ್ಕ ಕೇಳಿದ್ದು ಅದೇ ಮೊದಲು.

ಮರುವಾರ ಮ್ಯಾನೇಜರ್ ಅದೇ ಬೂದು ಪ್ಯಾಂಟು ಹಿಡಿದು ಬಂದ. “ನಿಮ್ಮ ಮುಖ ಎಲ್ಲರಿಗೂ ಗೊತ್ತಾಗೋಯ್ತು ಅಕ್ಕ. ಇನ್ಮೇಲೆ ಬರೋದು ಬೇಡ, ಬೇಜಾರು ಮಾಡ್ಕೋಬೇಡಿ.”

ಅಕ್ಕ ಪ್ಯಾಂಟಿನ ಸೊಂಟ ತಿರುವಿ ನೋಡಿದಳು. “ಇನ್ನು ಬಿಡಿಸೋಕೆ ಒಳಗೆ ಬಟ್ಟೆ ಇಲ್ಲ.”

“ಹಾಗಾದ್ರೆ ಬೀರುನೇ ಬದಲಾಯಿಸ್ಬೇಕು ಅನ್ಸುತ್ತೆ.”

ಒಳ್ಳೆಯ ಮಾತೇ. ಅವಳಿಗೆ ನಗು ಬರಲಿಲ್ಲ, ಬರಿಸಿಕೊಳ್ಳಲೂ ಇಲ್ಲ.

ಈಗ ಅವಳು ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆರೆದು, ಸ್ಟೂಲಿನ ಬದಲು ಕೊಂಡುತಂದ ಬೆನ್ನಿರುವ ಕುರ್ಚಿಯಲ್ಲಿ ಕೂತು, ಸಂಜೆ ಏಳರವರೆಗೆ ಪ್ಯಾಂಟು ಕೋಟು ಸರಿಮಾಡಿಕೊಡುತ್ತಾಳೆ.